ಅಂಗಳದಲ್ಲಿ ಕಟ್ಟಿದ ಜೀಪು

ರೋಣದ ನಮ್ಮ ಮನೆಯ ಅಂಗಳದಲ್ಲಿ ಒಂದು ಬೇವಿನ ಮರವಿದೆ. ಅದರ ನೆರಳಿನಲ್ಲಿ ಹನ್ನೊಂದು ವರ್ಷ ಒಂದು ಜೀಪು ನಿಂತಿತ್ತು. 1971ರಲ್ಲಿ ತಯಾರಾದ ಆ ಗಾಡಿಯನ್ನು ನನ್ನ ತಂದೆಯವರು ಹರಾಜಿನಲ್ಲಿ ಕೊಂಡು ಹೊಲಮನೆಯ ಕೆಲಸಕ್ಕೆ ಬಹುಕಾಲ ಬಳಸಿದ್ದರು. ಅವರು ತೀರಿಕೊಂಡ ಮೇಲೆ ಅದನ್ನು ಓಡಿಸುವವರಿರಲಿಲ್ಲ. ಟಯರುಗಳು ಮಣ್ಣಿಗಿಳಿದವು, ಸೀಟಿನ ಮೇಲೆ ಕೋಳಿಗಳು ಮೊಟ್ಟೆಯಿಟ್ಟವು. ಮಾರಿಬಿಡೋಣವೆಂದು ಗುಜರಿಯವನನ್ನು ಕರೆಸಿದ ದಿನ, ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದ ಮಗ ಅಡ್ಡಬಂದು, "ಅಪ್ಪಾ, ಒಂದು ವರ್ಷ ಕೊಡ್ರಿ. ಇದನ್ನ ನಾನ ಕಟ್ಟತೀನಿ" ಎಂದ. ಅದು 2017ರ ಬೇಸಿಗೆ.

ಅವನ ತಲೆಯಲ್ಲಿದ್ದುದು ಅಜ್ಜನ ಜೀಪಲ್ಲ, 'ಹಾಟ್ ರಾಡ್' ಎಂಬುದು ನನಗೆ ಆಮೇಲೆ ತಿಳಿಯಿತು. 1930ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ತರುಣರು ಅಗ್ಗಕ್ಕೆ ಸಿಗುತ್ತಿದ್ದ ಹಳೆಯ ಫೋರ್ಡ್ ಕಾರುಗಳನ್ನು ಕೊಂಡು, ಮಡ್‌ಗಾರ್ಡ್ ಮುಂತಾದ ಭಾರವನ್ನೆಲ್ಲ ಬಿಚ್ಚಿಹಾಕಿ, ಎಂಜಿನ್ನಿನ ಬಲವನ್ನು ಹೆಚ್ಚಿಸಿ, ಒಣಗಿದ ಕೆರೆಯಂಗಳಗಳಲ್ಲಿ ಓಡಿಸುತ್ತಿದ್ದರಂತೆ. 1932ರಲ್ಲಿ ಫೋರ್ಡ್ ಸಂಸ್ಥೆ ಎಂಟು ಸಿಲಿಂಡರಿನ ಎಂಜಿನ್ನನ್ನು ಸಾಮಾನ್ಯರ ಕೈಗೆಟಕುವ ಬೆಲೆಗೆ ತಂದ ಮೇಲೆ ಈ ಹವ್ಯಾಸಕ್ಕೆ ಇನ್ನಷ್ಟು ಹುರುಪು ಬಂದಿತು. ಮನೆಯ ಹಿತ್ತಿಲಲ್ಲಿ ಸ್ವಂತ ಕೈಯಿಂದ ಕಟ್ಟಿದ, ಊರಿನಲ್ಲಿ ಮತ್ತೊಂದಿಲ್ಲದ ವೇಗದ ವಾಹನ! ಹರೆಯದ ಮನಸ್ಸಿಗೆ ಇದಕ್ಕಿಂತ ದೊಡ್ಡ ಆಸೆ ಬೇಕೆ?

ಹಾಗೆ ನೋಡಿದರೆ ವಾಹನವನ್ನು ಊರಿನಲ್ಲಿಯೇ ಕಟ್ಟುವುದು ನಮಗೂ ಹೊಸದಲ್ಲ. ನಾನು ಬಾಲಕನಾಗಿದ್ದಾಗ ಬಡಿಗ ಮತ್ತು ಕಮ್ಮಾರ ಕೂಡಿ ಎತ್ತಿನ ಗಾಡಿಯ ಗಾಲಿ ಕಟ್ಟುವುದನ್ನು ಕಣ್ಣಾರೆ ಕಂಡಿದ್ದೇನೆ. ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಸಿ, ಮರದ ಗಾಲಿಗೆ ತೊಡಿಸಿ, ಒಡನೆಯೇ ನೀರು ಸುರಿಯುವರು. ಪಟ್ಟಿ ಕುಗ್ಗಿ ಗಾಲಿಯನ್ನು ಬಿಗಿಯಾಗಿ ಅಪ್ಪಿಕೊಳ್ಳುವುದು. ಆ ಕೆಲಸದಲ್ಲಿ ಅವಸರವಿರಲಿಲ್ಲ.

ನಮ್ಮ ಅಂಗಳದಲ್ಲಿ ಮಾತ್ರ ಅವಸರವಿತ್ತು. ರಜೆ ಬಂದಾಗಲೆಲ್ಲ ಮಗ ಪಾನಾ ಹಿಡಿದು ಜೀಪಿನಡಿ ಮಲಗುತ್ತಿದ್ದ. ಹಳೆಯ ಪೆಟ್ರೋಲ್ ಎಂಜಿನ್ನನ್ನು ಇಳಿಸಿ ಕೊಟ್ಟಿಗೆಯ ಮೂಲೆಗೆ ಸರಿಸಿದೆವು. ಹುಬ್ಬಳ್ಳಿಯ ಗುಜರಿಯಿಂದ ಹೆಚ್ಚು ಬಲದ ಡೀಸೆಲ್ ಎಂಜಿನ್ ಬಂತು. ಅದನ್ನು ಕೂಡಿಸಲು ಚೇಸಿಸ್ಸಿಗೆ ಹೊಸ ತುಂಡುಗಳನ್ನು ವೆಲ್ಡಿಂಗ್ ಮಾಡಿಸಿದೆವು. ಅಗಲವಾದ ಎತ್ತರದ ಟಯರುಗಳು ಬಂದವು. ನಿವೃತ್ತಿಯ ಅಂಚಿನಲ್ಲಿದ್ದ ಶಿಕ್ಷಕನಾದ ನಾನು ಖರ್ಚಿನ ಲೆಕ್ಕ ಬರೆಯುತ್ತಿದ್ದೆ. ಮಗನ ಪಟ್ಟಿಯಲ್ಲಿ ಕೊನೆಗೆ ಉಳಿದವು ಮೂರು: ಬಣ್ಣ, ಬ್ರೇಕಿನ ಹೊಸ ಸಾಮಾನು, ಹ್ಯಾಂಡ್‌ಬ್ರೇಕಿನ ತಂತಿ. ಆ ತಿಂಗಳ ಸಂಬಳದಲ್ಲಿ ಒಂದಕ್ಕೆ ಮಾತ್ರ ಹಣವಿತ್ತು. "ಬ್ರೇಕ್ ಹೆಂಗೂ ಹತ್ತತಾವಲ್ಲ, ಮುಂದಿನ ತಿಂಗಳ ನೋಡೂಣು. ಮೊದಲ ಬಣ್ಣ ಹಚ್ಚಿಸು, ನಾಲ್ಕು ಮಂದಿ ನೋಡ್ಲಿ" ಎಂದವನು ನಾನೇ. ಮಗನಲ್ಲ, ನಾನು.

2018ರ ನವೆಂಬರಿನಲ್ಲಿ ಗಾಡಿ ಹೊರಬಿತ್ತು. ಎಂಜಿನ್ ಬದಲಿಸುವುದಕ್ಕೆ ಸಾರಿಗೆ ಅಧಿಕಾರಿಗಳ ಅನುಮತಿ ಬೇಕೆಂಬುದು ನಮಗೆ ತಿಳಿಯದ ಮಾತಾಗಿರಲಿಲ್ಲ. ಅದನ್ನೂ 'ಆಮೇಲೆ' ಎಂದಿದ್ದೆವು. ಮೊದಲ ಸವಾರಿ ನರಗುಂದದ ಕಡೆಗೆ. ಎರೆಭೂಮಿಯ ನಡುವಿನ ನೇರವಾದ ದಾರಿಯಲ್ಲಿ ಜೀಪು ಗಾಳಿಯಂತೆ ಓಡಿತು. ಅಂದು ನನ್ನ ಎದೆಯೂ ಹೆಮ್ಮೆಯಿಂದ ಉಬ್ಬಿದ್ದನ್ನು ಮುಚ್ಚಿಡಲಾರೆ. ಮರುವಾರ ಗಜೇಂದ್ರಗಡಕ್ಕೆ ಹೋದೆವು. ಅಲ್ಲಿಯದು ಗುಡ್ಡದ ಸೀಮೆ. ದಾರಿ ಏರುತ್ತದೆ, ಇಳಿಯುತ್ತದೆ.

ಹಿಂದಿರುಗುವಾಗ ಒಂದು ಇಳಿಜಾರಿನಲ್ಲಿ ಮಗ ಸಣ್ಣ ದನಿಯಲ್ಲಿ, "ಅಪ್ಪಾ, ಬ್ರೇಕ್ ಹತ್ತವಲ್ದು" ಎಂದ. ಮುಂದೆ ದಾರಿಯ ತುಂಬ ಕುರಿಯ ಹಿಂಡು. ಹಿಂಡಿನ ಮುಂದೆ ಎಂಟೊಂಬತ್ತು ವರ್ಷದ ಹುಡುಗನೊಬ್ಬ ಹೆಗಲ ಮೇಲೆ ಮರಿಯೊಂದನ್ನು ಹೊತ್ತು ನಡೆದಿದ್ದ. ಎಳೆಯಲು ಹ್ಯಾಂಡ್‌ಬ್ರೇಕಿನ ತಂತಿಯೇ ಇರಲಿಲ್ಲ. ಮಗ ಗೇರು ಇಳಿಸಿದ, ಎಂಜಿನ್ ಅರಚಿತು. ಕೊನೆಯ ಕ್ಷಣದಲ್ಲಿ ಸ್ಟೇರಿಂಗ್ ತಿರುಗಿಸಿ ಬದಿಯ ಹೊಲಕ್ಕೆ ನುಗ್ಗಿಸಿದ. ಉತ್ತ ಮಣ್ಣಿನಲ್ಲಿ ಗಾಲಿಗಳು ಹೂತು ಗಾಡಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ.

ಹಿಂಡಿನ ಯಜಮಾನ, ಆ ಹುಡುಗನ ಅಜ್ಜ, ಬೈಯುತ್ತಾನೆಂದು ನಾವು ತಲೆ ತಗ್ಗಿಸಿ ನಿಂತೆವು. ಅವನು ಬೈಯಲಿಲ್ಲ. ಕೋಲೂರಿ ನಿಂತು, "ಕುರಿ ಹ್ವಾದ್ರ ರೊಕ್ಕಾ ಕೊಡತಿದ್ರಿ ಯಪ್ಪಾ. ಹುಡುಗ ಹ್ವಾದ್ರ ಏನ್ ಕೊಡತಿದ್ರಿ?" ಎಂದಷ್ಟೇ ಕೇಳಿದ. ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದ ನನಗೆ ಆ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ.

ಗಾಡಿಯನ್ನು ಟ್ರ್ಯಾಕ್ಟರಿನಿಂದ ಎಳೆಸಿಕೊಂಡು ಬಂದು, ಹಿರಿಯ ಮಿಸ್ತ್ರಿಯೊಬ್ಬರನ್ನು ಕರೆಸಿದೆವು. ಅವರು ಡ್ರಮ್ಮುಗಳನ್ನು ಬಿಚ್ಚಿ ತೋರಿಸಿದರು. ಈ ಹಳೆಯ ಜೀಪುಗಳಲ್ಲಿ ನಾಲ್ಕೂ ಗಾಲಿಗಳ ಬ್ರೇಕಿಗೆ ಆಯಿಲ್ ಹೋಗುವುದು ಒಂದೇ ಮಾಸ್ಟರ್ ಸಿಲಿಂಡರಿನ ಒಂದೇ ಸರಣಿಯಿಂದ; ಎಲ್ಲಿಯಾದರೂ ಒಂದು ಕಡೆ ಸೋರಿದರೆ ನಾಲ್ಕೂ ಹೋದಂತೆಯೇ. ಮೇಲಾಗಿ ಇಳಿಜಾರಿನಲ್ಲಿ ಬಹಳ ಹೊತ್ತು ಪೆಡಲ್ ಒತ್ತಿದರೆ ಡ್ರಮ್ ಕಾಯ್ದು ಹಿಗ್ಗುತ್ತದೆ, ಲೈನರಿನ ಹಿಡಿತ ಸಡಿಲುತ್ತದೆ. ವೇಗ ಎರಡರಷ್ಟಾದರೆ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಕರಷ್ಟಾಗುತ್ತದೆ. ನಾವು ಎಂಜಿನ್ನಿನ ಭಾರ ಹೆಚ್ಚಿಸಿದ್ದೆವು, ಟಯರಿನ ಎತ್ತರ ಹೆಚ್ಚಿಸಿದ್ದೆವು, ವೇಗ ಹೆಚ್ಚಿಸಿದ್ದೆವು. ಬ್ರೇಕು ಮಾತ್ರ 1971ರದೇ ಆಗಿತ್ತು. "ಸರ, ಓಡೂ ಗಾಡಿ ಯಾರ ಬೇಕಾದ್ರೂ ಕಟ್ಟತಾರ್ರಿ. ನಿಲ್ಲೂ ಗಾಡಿ ಕಟ್ಟಬೇಕು" ಎಂದು ಅವರು ಕೈಯೊರಸಿಕೊಂಡರು.

2019ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪೊಂದು ಪತ್ರಿಕೆಗಳಲ್ಲಿ ಬಂದಿತು: ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವ್ಯತಿರಿಕ್ತವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು. ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಈ ಮೊದಲೇ ಹೇಳಿದ್ದ ಮಾತು ಅದು. ಮಗನಿಗೆ ಅದನ್ನು ಓದಿ ಹೇಳಲು ಹೋದೆ. ಅಷ್ಟರಲ್ಲಿ ಅವನು ಡೀಸೆಲ್ ಎಂಜಿನ್ನಿನ ಬೋಲ್ಟುಗಳನ್ನು ಬಿಚ್ಚತೊಡಗಿದ್ದ. ಹಾಟ್ ರಾಡಿನ ತವರಿನಲ್ಲಿಯೂ ಹೀಗೆಯೇ ಆಯಿತೆಂದು ಅವನೇ ನನಗೆ ಹೇಳಿದ. ಬೀದಿಗಳಲ್ಲಿ ಪಂದ್ಯ ಕಟ್ಟಿ ಓಡಿಸುವ ತರುಣರನ್ನು ಪ್ರತ್ಯೇಕವಾದ ಓಟದ ಅಂಗಳಗಳಿಗೆ ಕರೆತಂದು, ಸುರಕ್ಷತೆಯ ನಿಯಮಗಳಿಗೆ ಒಳಪಡಿಸಲು ವಾಲಿ ಪಾರ್ಕ್ಸ್ ಎಂಬುವರು 1951ರಲ್ಲಿ ರಾಷ್ಟ್ರೀಯ ಸಂಘವೊಂದನ್ನು ಸ್ಥಾಪಿಸಿದರು. ವೇಗವನ್ನು ಪ್ರೀತಿಸಿದವರೇ ಅದಕ್ಕೆ ಕಟ್ಟು ಹಾಕಬೇಕಾಯಿತು.

ಎರಡನೆಯ ಸಲ ನಾವು ಕೆಲಸವನ್ನು ತಿರುವುಮುರುವಾಗಿ ಮಾಡಿದೆವು. ಮೊದಲು ಬ್ರೇಕು: ಹೊಸ ಮಾಸ್ಟರ್ ಸಿಲಿಂಡರ್, ಹೊಸ ಲೈನರ್, ಹೊಸ ಪೈಪು, ಹ್ಯಾಂಡ್‌ಬ್ರೇಕಿನ ತಂತಿ. ಆಮೇಲೆ ಚೇಸಿಸ್ಸನ್ನು ಮೊದಲಿನಂತೆ ಸರಿಪಡಿಸಿ, ಕೊಟ್ಟಿಗೆಯಲ್ಲಿದ್ದ ಹಳೆಯ ಎಂಜಿನ್ನಿಗೆ ಗದಗಿನ ಲೇತಿನಲ್ಲಿ ಬೋರಿಂಗ್ ಮಾಡಿಸಿದೆವು. ಅಳತೆಗೆ ತಕ್ಕ ಟಯರು ಹಾಕಿ, ಕಡೆಗೆ ಅಧಿಕಾರಿಗಳ ಮುಂದೆ ತಪಾಸಣೆಗೆ ನಿಲ್ಲಿಸಿ ನೋಂದಣಿಯನ್ನು ನವೀಕರಿಸಿಕೊಂಡೆವು. 2021ರಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ಹಳೆಯ ವಾಹನಗಳಿಗೆ ಬೇರೆಯೇ ಗೌರವದ ನೋಂದಣಿ ನಿಯಮವನ್ನು ತಂದಾಗ ನಾವಿಬ್ಬರೂ ನಕ್ಕೆವು. ನಾಚಿಕೆಯಿಂದ ಮೂಲೆಗೆ ತಳ್ಳಿದ್ದುದಕ್ಕೇ ಈಗ ಮಾನ! ಆದರೆ ಅಂಥ ವಾಹನವನ್ನು ದಿನನಿತ್ಯದ ಬಳಕೆಗೆ ಓಡಿಸುವಂತಿಲ್ಲ. ನಮಗೆ ಹೊಲಕ್ಕೆ ಹೋಗಲು ಜೀಪು ಬೇಕು. ಅದಕ್ಕೆಂದು ಆ ಗೌರವದ ಗೊಡವೆಗೆ ಹೋಗಲಿಲ್ಲ.

ಮಕ್ಕಳು ಏನನ್ನಾದರೂ ತಮ್ಮ ಕೈಯಿಂದ ಕಟ್ಟಲು ಹೊರಟಾಗ ತಂದೆತಾಯಿಗಳಾದ ನಾವು ಬೇಡವೆನ್ನಬಾರದು. ಜೀಪಿನಡಿ ಮಲಗಿ ನನ್ನ ಮಗ ಕಲಿತದ್ದನ್ನು ಯಾವ ತರಗತಿಯೂ ಕಲಿಸಲಾರದು. ಆದರೆ ಹಣದ ಚೀಲ ನಮ್ಮ ಕೈಯಲ್ಲಿರುವಾಗ, ಮೊದಲು ಯಾವುದಕ್ಕೆ ಬಿಚ್ಚುತ್ತೇವೆ ಎಂಬುದನ್ನು ಅವರು ನೋಡುತ್ತಿರುತ್ತಾರೆ. ಅಂದು ನಾನು ಬಣ್ಣಕ್ಕೆ ಬಿಚ್ಚಿದೆ. ಆ ಪಾಠ ಆ ಹುಡುಗನ ಪ್ರಾಣಕ್ಕೆ ಎರವಾಗುತ್ತಿತ್ತು.

ಕಳೆದ ವರ್ಷ ಗೊಬ್ಬರಕ್ಕೆಂದು ಅದೇ ಅಜ್ಜನ ಕುರಿಗಳನ್ನು ನಮ್ಮ ಹೊಲದಲ್ಲಿ ಎರಡು ರಾತ್ರಿ ನಿಲ್ಲಿಸಿಕೊಂಡೆವು. ಮೊಮ್ಮಗನೂ ಬಂದಿದ್ದ, ಈಗ ಎತ್ತರಕ್ಕೆ ಬೆಳೆದಿದ್ದಾನೆ. ಜೀಪಿನ ಸುತ್ತ ಸುಳಿದಾಡುತ್ತಿದ್ದವನನ್ನು ನನ್ನ ಮಗ ಸೀಟಿನ ಮೇಲೆ ಕೂರಿಸಿದ. ಹುಡುಗ ಆಸೆಯಿಂದ ಎಕ್ಸಿಲರೇಟರನ್ನು ಹುಡುಕಿದ. ಮಗ ಅವನ ಕಾಲನ್ನು ಮೆಲ್ಲನೆ ಎತ್ತಿ ನಡುವಿನ ಪೆಡಲಿನ ಮೇಲಿಟ್ಟು, "ಮೊದಲ ಇದನ್ನ ಒತ್ತಿ ನೋಡು" ಎಂದ.