ಪ್ರಳಯದ ಕಥೆಗಳೂ ನಮ್ಮ ತರುಣರೂ

ಈಚೆಗೆ ಬೆಳಗಾವಿಯ ಅನೇಕ ಮನೆಗಳಲ್ಲಿ ಹದಿನೈದು-ಹದಿನಾರು ವಯಸ್ಸಿನ ಮಕ್ಕಳ ಕೈಯಲ್ಲಿ ಒಂದು ಬಗೆಯ ಆಂಗ್ಲ ಕಾದಂಬರಿಗಳು ಕಾಣಬರುತ್ತಿರುವವು. ಅವುಗಳ ಸ್ಥೂಲರೂಪ ಇಷ್ಟೇ: ಮುಂದೆಂದೋ ಭೂಮಿಯು ಹಾಳಾಗಿರುವದು, ಕಡಲು ಉಕ್ಕಿ ಊರುಗಳನ್ನು ನುಂಗಿರುವದು, ಇಲ್ಲವೆ ಮಳೆಯೇ ನಿಂತಿರುವದು, ಅಳಿದುಳಿದ ಅನ್ನ-ನೀರುಗಳನ್ನು ಕೆಲವೇ ಜನರು ತಮ್ಮ ವಶದಲ್ಲಿಟ್ಟುಕೊಂಡಿರುವರು. ಆಗ ಒಬ್ಬ ಹುಡುಗನೋ ಹುಡುಗಿಯೋ ಪ್ರಾಣದ ಹಂಗು ತೊರೆದು ಹೊರಡುವರು. ಇಂಥ ಲೋಕಕ್ಕೆ ಆ ಭಾಷೆಯಲ್ಲಿ ‘ಡಿಸ್ಟೋಪಿಯ’ ಎಂದು ಹೆಸರು. ಗ್ರೀಕರ ‘ಡಿಸ್’ ನಮ್ಮ ‘ದುಸ್’ ಎಂಬ ಉಪಸರ್ಗದ ಒಡಹುಟ್ಟು. ‘ಟೋಪೊಸ್’ ಎಂದರೆ ಸ್ಥಳ. ಆದಕಾರಣ ‘ದುಃಸ್ಥಲ’ವೆಂದರೆ ಅರ್ಥವು ಸರಿಹೋಗುವದು.

ಈ ಪುಸ್ತಕಗಳು ಎಳೆಯ ಮನಸ್ಸಿಗೆ ವೃಥಾ ಅಂಜಿಕೆ ಹುಟ್ಟಿಸುವವೆಂದೂ, ಹಿರಿಯರಲ್ಲಿಯ ಗೌರವವನ್ನು ಕಡಿಮೆ ಮಾಡುವವೆಂದೂ ನನ್ನ ಸಮವಯಸ್ಕರಾದ ಮಿತ್ರರು ಆಕ್ಷೇಪಿಸುವರು. ಓದದೆ ತೀರ್ಪು ಹೇಳುವದು ಶಿಕ್ಷಕನಿಗೆ ಒಪ್ಪುವ ಮಾತಲ್ಲ. ಆದುದರಿಂದ ಮೊಮ್ಮಗಳಿಂದ ಎರಡು ಪುಸ್ತಕಗಳನ್ನು ಇಸಿದುಕೊಂಡು, ನಿಘಂಟನ್ನು ಬದಿಯಲ್ಲಿಟ್ಟುಕೊಂಡು ಓದಿದೆನು. ಒಂದು, ಸ್ಕಾಟ್ಲಂಡದ ಜೂಲಿ ಬರ್ಟಾನ್ಯ ಎಂಬವರು 2002ರಲ್ಲಿ ಪ್ರಕಟಿಸಿದ ‘ಎಕ್ಸೊಡಸ್’. ಈ ಶತಮಾನದ ಕೊನೆಗೆ ಕಡಲಲ್ಲಿ ಮುಳುಗುತ್ತಿರುವ ದ್ವೀಪವೊಂದರಿಂದ ಮಾರಾ ಎಂಬ ಹುಡುಗಿಯು ತನ್ನ ಜನರನ್ನು ಹೊಸ ನೆಲೆಗೆ ಕರೆದೊಯ್ಯಲು ಯತ್ನಿಸುವ ಕಥೆ ಅದರಲ್ಲಿದೆ. ಮತ್ತೊಂದು, ಅಮೇರಿಕೆಯ ಸುಝನ್ ಕಾಲಿನ್ಸ್ ಅವರು 2008ರಲ್ಲಿ ಹೊರತಂದ ‘ಹಂಗರ್ ಗೇಮ್ಸ್’. ಬರ, ಬಿರುಗಾಳಿ, ಬೆಂಕಿ, ಉಕ್ಕಿದ ಕಡಲುಗಳಿಂದ ಹಾಳಾದ ನಾಡಿನಲ್ಲಿ ಒಂದು ರಾಜಧಾನಿಯು ಎದ್ದು, ಹನ್ನೆರಡು ಪ್ರಾಂತಗಳ ಮಕ್ಕಳನ್ನು ಚೀಟಿ ಎತ್ತಿ ಆರಿಸಿ, ಒಬ್ಬರನ್ನೊಬ್ಬರು ಕೊಲ್ಲುವ ಆಟಕ್ಕೆ ನೂಕುವದು.

ಓದುತ್ತಿರುವಾಗ ನನಗೆ ವಿಸ್ಮಯಕ್ಕಿಂತ ಪರಿಚಯವೇ ಹೆಚ್ಚಾಗಿ ತೋರಿತು. ಪಾಠಶಾಲೆಯಲ್ಲಿ ಓದಿದ ವನಪರ್ವದಲ್ಲಿ ಮಾರ್ಕಂಡೇಯ ಮಹರ್ಷಿಯು ಯುಧಿಷ್ಠಿರನಿಗೆ ಹೇಳುವದು ಇನ್ನೇನು? ಯುಗಾಂತದಲ್ಲಿ ಬಹುವರ್ಷಗಳ ಅನಾವೃಷ್ಟಿ, ಏಳು ಸೂರ್ಯರು ನದೀಸಮುದ್ರಗಳ ನೀರನ್ನು ಹೀರುವರು, ಸಂವರ್ತಕಾಗ್ನಿಯು ಉರಿಯುವದು, ಆಮೇಲೆ ಜಲಪ್ರಳಯ. ಆ ಏಕಾರ್ಣವದಲ್ಲಿ ಒಬ್ಬನೇ ಅಲೆಯುವ ಮುನಿಗೆ ಆಲದ ಕೊಂಬೆಯ ಮೇಲೊಂದು ಶಿಶು ಕಾಣುವದು. ಅದಕ್ಕೂ ಮುಂಚಿನ ಉಪಾಖ್ಯಾನದಲ್ಲಿ ಮನುವು ಸಪ್ತರ್ಷಿಗಳೊಡನೆ ಸಕಲ ಬೀಜಗಳನ್ನೂ ನಾವೆಯಲ್ಲಿ ಕಾಪಾಡುವನು. ಅಂಜಿಕೆಯ ಕಥೆಯು ನಮಗೆ ಹೊಸದಲ್ಲ. ಇದನ್ನೆಲ್ಲ ಕೇಳಿದ ಯುಧಿಷ್ಠಿರನು ಕಂಗೆಡಲಿಲ್ಲ. ಪ್ರಜೆಗಳನ್ನು ರಕ್ಷಿಸುವ ತಾನು ಯಾವ ಧರ್ಮದಲ್ಲಿ ನಿಲ್ಲಬೇಕೆಂದು ಕೇಳಿದನು. ಕರ್ತವ್ಯವನ್ನು ವಿಚಾರಿಸುವಂತೆ ಮಾಡುವ ಭಯವು ಎಚ್ಚರವೆನಿಸುವದೇ ಹೊರತು ಭೀರುತನವಲ್ಲ.

ಭೇದವಿರುವದು ಬೇರೆಡೆಯಲ್ಲಿ. ಪುರಾಣದಲ್ಲಿ ಹಿರಿಯನು ಹೇಳುವನು, ಕಿರಿಯನು ಕೇಳುವನು. ಈ ಕಾದಂಬರಿಗಳಲ್ಲಿ ಎಲ್ಲವನ್ನೂ ಕಿರಿಯರ ಕಣ್ಣಿನಿಂದ ನೋಡಲಾಗುವದು. ಹಿರಿಯರು ಕಟಕಟೆಯಲ್ಲಿ ನಿಂತಿರುವರು. ಮೊಮ್ಮಗಳು ನನ್ನನ್ನು ಕೇಳಿದ್ದೂ ಅದನ್ನೇ: “ಅಜ್ಜಾ, ಇದೆಲ್ಲಾ ಹಾಳಾಗೂಕಿಂತ ಮೊದಲ ಇವರ ಹಿರಿಯಾರು ಏನ ಮಾಡ್ಲಿಕತ್ತಿದ್ರು?” ಕಥೆಯು ನಾಶದ ತರುವಾಯವೇ ಆರಂಭವಾಗುವದರಿಂದ ಪುಸ್ತಕದಲ್ಲಿ ಅದಕ್ಕೆ ಉತ್ತರವು ಎರಡು ಸಾಲಿನಲ್ಲಿ ಮುಗಿಯುವದು. ನಮ್ಮ ಜಿಲ್ಲೆಯಲ್ಲಾದರೋ ಆ ಉತ್ತರವನ್ನು ಇನ್ನೂ ಬರೆಯುತ್ತಿರುವವರು ನಾವೇ.

ನಾನು ಬಹುಕಾಲ ಶಿಕ್ಷಕನಾಗಿದ್ದ ಖಾನಾಪುರ ತಾಲೂಕು ಎರಡು ನದಿಗಳ ತವರು. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯು ಮೂಡಲಿಗೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವಳು. ಭೀಮಗಡದ ಕಾಡಿನಲ್ಲಿ ಹುಟ್ಟಿದ ಮಹಾದಾಯಿಯು ಪಡುವಲಿಗೆ ಇಳಿದು, ಗೋವೆಯಲ್ಲಿ ಮಾಂಡವಿ ಎನಿಸಿಕೊಂಡು ಕಡಲು ಸೇರುವಳು. ಆ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ಜಗತ್ತಿನಲ್ಲಿ ಕೆಲವೇ ಕಡೆ ಕಾಣುವ ಒಂದು ಜಾತಿಯ ಬಾವಲಿ ಅಲ್ಲಿಯ ಬಾರಾಪೇಡೆ ಗವಿಗಳಲ್ಲಿರುವದು. ಮಹಾದಾಯಿಯ ಕಳಸಾ, ಬಂಡೂರಿ ಹಳ್ಳಗಳನ್ನು ಮಲಪ್ರಭೆಗೆ ತಿರುಗಿಸಬೇಕೆಂದು ನರಗುಂದ-ನವಲಗುಂದಗಳ ರೈತರು 2015ರಿಂದ ದೀರ್ಘಕಾಲ ಧರಣಿ ಕುಳಿತರು. ನ್ಯಾಯಾಧಿಕರಣವು 2018ರ ಆಗಸ್ಟದಲ್ಲಿ, ವಿದ್ಯುತ್ತಿಗಾಗಿ ಬಳಸುವ ನೀರೂ ಸೇರಿ, ಕರ್ನಾಟಕಕ್ಕೆ 13.42 ಟಿ.ಎಂ.ಸಿ. ಹಂಚಿತು, ಅದರಲ್ಲಿ ಆ ಎರಡು ಹಳ್ಳಗಳಿಂದ ತಿರುಗಿಸತಕ್ಕದ್ದು 3.9. ಮರುವರ್ಷದ ಆಗಸ್ಟದಲ್ಲಿ, ಯಾವ ಹೊಳೆಯಲ್ಲಿ ನೀರು ಸಾಲದೆಂದು ಜನರು ಬೀದಿಗಿಳಿದಿದ್ದರೋ ಆ ಮಲಪ್ರಭೆಯೇ ಉಕ್ಕಿ ದಂಡೆಯ ಹಳ್ಳಿಗಳನ್ನು ಮುಳುಗಿಸಿದಳು. ಇನ್ನು ಬೆಳಗಾವಿಗೆ ಕುಡಿಯುವ ನೀರು ಕೊಡುವ ರಾಕಸಕೊಪ್ಪದ ಜಲಾಶಯವನ್ನು ತುಂಬುವ ನದಿಯ ಹೆಸರೇ ಮಾರ್ಕಂಡೇಯ. ಪ್ರಳಯವನ್ನು ಕಂಡ ಮುನಿಯ ಹೆಸರಿನ ನೀರನ್ನು ಕುಡಿಯುವ ನಾವು ದುಃಸ್ಥಲದ ಕಥೆಯನ್ನು ಪರದೇಶದ ಕಥೆಯೆಂದು ತಿಳಿಯಲಾಗದು.

ಆ ಕಾದಂಬರಿಗಳಲ್ಲಿ ನನಗೆ ಕೊರತೆಯಾಗಿ ತೋರಿದ್ದು ಒಂದೇ. ಅಲ್ಲಿ ಅನ್ಯಾಯವು ಬಹುಮಟ್ಟಿಗೆ ಒಂದು ಕ್ರೂರ ರಾಜಧಾನಿಯಲ್ಲಿ ಮನೆಮಾಡಿರುವದು. ಅದನ್ನು ಕೆಡವಿದರೆ ಲೋಕವು ತಿಳಿಯಾದೀತೆಂಬ ಆಸೆ ಹುಟ್ಟುವದು. ನಮ್ಮಲ್ಲಿ ಆ ಕ್ರೂರ ರಾಜನೆಲ್ಲಿ? ಕೊಡ ಹಿಡಿದು ನಿಂತ ನರಗುಂದದ ತಾಯಿಯು ದುಷ್ಟಳಲ್ಲ. ಕಾಡು ಕಡಿದರೆ ತನ್ನ ಊರಿನ ಒರತೆ ಬತ್ತೀತೆಂದು ಅಂಜುವ ಕಣಕುಂಬಿಯ ಒಕ್ಕಲಿಗನೂ ದುಷ್ಟನಲ್ಲ. ಹೊಳೆಯ ಬಾಯಿಯಲ್ಲಿ ವಾಸಿಸುವ ಗೋವೆಯ ಮೀನುಗಾರನೂ ಅಲ್ಲ. ಇದು ಶತ್ರುವಿಲ್ಲದ ಧರ್ಮಸಂಕಟ. ಇಲ್ಲಿ ಬಿಲ್ಲು-ಬಾಣಗಳ ಧೈರ್ಯವು ಸಾಲದು. ಮೂವರ ಮಾತನ್ನೂ ಕೇಳಿ, ನೀರನ್ನು ಅಳೆದು, ತನ್ನ ಪಾಲಿನ ಆಸೆಯನ್ನು ತಗ್ಗಿಸಿಕೊಳ್ಳುವ ಧೈರ್ಯವು ಬೇಕು. ಅಂಥ ಧೈರ್ಯವನ್ನೂ ಸಾಹಸವೆಂದು ತೋರಿಸಬಲ್ಲ ಕಥೆಯು ನಮ್ಮ ತರುಣರಿಗೆ ಅವಶ್ಯವಾಗಿರುವದು.

ಕನ್ನಡದಲ್ಲಿ ಇದಕ್ಕೆ ದಾರಿಯಿಲ್ಲವೆನ್ನುವಂತಿಲ್ಲ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಹಾರುವ ಓತಿಯನ್ನು ಅರಸುತ್ತ ಓದುಗನನ್ನು ಕಾಡಿಗೆ ಕರೆದೊಯ್ಯುವದು. ‘ಜುಗಾರಿ ಕ್ರಾಸ್’ (1994) ಏಲಕ್ಕಿ ಮಾರಲು ಹೊರಟ ತರುಣ ದಂಪತಿಗಳ ಸಾಹಸದ ಮೂಲಕ ಮಲೆನಾಡಿನ ಲೂಟಿಯನ್ನು ಕಾಣಿಸುವದು. ನಮ್ಮ ಖಾನಾಪುರದ ಕಾಡಿಗೂ ಇಂಥ ಬರಹಗಾರರು ಬೇಕು. ಅವರು ಅಲ್ಲಿಯೇ ಹುಟ್ಟಿರುವರೆಂದು ನನ್ನ ನಂಬಿಕೆ. ಮಳೆಗಾಲದಲ್ಲಿ ಹಳ್ಳ ತುಂಬಿತೆಂದರೆ ಕಾಡಂಚಿನ ಊರುಗಳ ವಿದ್ಯಾರ್ಥಿಗಳು ದಿನಗಟ್ಟಲೆ ಶಾಲೆಗೆ ಬರುತ್ತಿರಲಿಲ್ಲ. ಬಂದ ಮೇಲೆ ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಅವರು ಹೇಳುತ್ತಿದ್ದ ವೃತ್ತಾಂತಗಳನ್ನು ಕೇಳಿ ಇಡೀ ವರ್ಗವು ಪಾಠವನ್ನು ಮರೆಯುತ್ತಿತ್ತು.

ಗೃಹಸ್ಥರಾದ ವಾಚಕರಲ್ಲಿ ನನ್ನ ಬಿನ್ನಹವಿಷ್ಟು: ಮಕ್ಕಳ ಕೈಯಿಂದ ಈ ಪುಸ್ತಕಗಳನ್ನು ಕಸಿಯಬೇಡಿರಿ, ಅವರೊಡನೆ ಕುಳಿತು ಓದಿರಿ, ಒಂದು ರಜೆಯಲ್ಲಿ ಅವರನ್ನು ಕಣಕುಂಬಿಗೆ ಕರೆದೊಯ್ದು ಮಲಪ್ರಭೆಯ ಮೂಲವನ್ನು ತೋರಿಸಿರಿ. ಹಿರಿಯರು ಏನು ಮಾಡುತ್ತಿದ್ದರೆಂದು ಅವರು ಕೇಳಿದರೆ ಸಿಟ್ಟಾಗಬೇಡಿರಿ. ಯುಧಿಷ್ಠಿರನೂ ಕೇಳಿದವನೇ, ಮಾರ್ಕಂಡೇಯನು ಅವನನ್ನು ಗದರಿಸಲಿಲ್ಲ, ಉತ್ತರ ಕೊಟ್ಟನು.