ಮೊದಲು ಕ್ಲೋಜೆ

ಕ್ಲಾರಿನೆಟ್ ಸಾಧನೆಗೆ ಯಾವ ಪುಸ್ತಕ ಅಂತ ಕೇಳಿದವರಿಗೆಲ್ಲ ನಾನು ಮೊದಲು ಹೇಳೋದು ಕ್ಲೋಜೆ. 1843ರದ್ದು, ಹಳೇ ಸರಕೇ ಸರಿ. ಆದರೆ ಈಗಿನ ಬೋಯಮ್ ಪದ್ಧತಿಯ ವಾದ್ಯ ರೂಪಿಸಿದವರಲ್ಲೊಬ್ಬನೇ ಬರೆದದ್ದು. ನಮ್ಮ ಸರಳೆ, ಜಂಟಿ ವರಸೆ ಥರ ಬೇಜಾರು ಹಿಡಿಸುತ್ತೆ, ಬೆರಳು ಪಳಗಿಸುತ್ತೆ. ನಡುಸ್ಥಾಯಿಯ ‘ಎ’ಯಿಂದ ‘ಬಿ’ಗೆ ದಾಟುವಾಗ ಬಹುತೇಕ ತೆರೆದಿದ್ದ ತೂತುಗಳನ್ನೆಲ್ಲ ಒಮ್ಮೆಲೇ ಮುಚ್ಚಬೇಕು, ಎಳೆಯಷ್ಟು ಗಾಳಿ ಸೋರಿದರೂ ಕೀಚ್! ಆ ಒಂದು ಹೆಜ್ಜೆಗೇ ತಿಂಗಳು ಕೊಡಿ, ನಷ್ಟವಿಲ್ಲ.

ಆಮೇಲೆ ಬೇರ್ಮನ್. ರೋಸ್‌ನ 32 ಎಟ್ಯೂಡ್‌ಗಳಿಗೆ ಮಾತ್ರ ಆತುರ ಬೇಡ. ಹೆಚ್ಚಿನವು ಫರ್ಲಿಂಗ್ ಓಬೋಗೆ ಬರೆದ ಪಾಠಗಳ ಮರುರೂಪ. ನಿಧಾನಗತಿಯವೇ ಉಸಿರು ಪರೀಕ್ಷಿಸೋದು.

ಇವಲ್ಲದೆ ನನ್ನ ಕಪಾಟಿನಲ್ಲಿ ಇನ್ನೂ ಏಳು ಪುಸ್ತಕಗಳಿವೆ. ಹಾಳೆ ಇನ್ನೂ ಗರಿಗರಿ.