ಲೌಫೆನ್ನಿನ ಕಾಳಗ, ಮಂಗಳೂರಿನ ಕಲ್ಲಚ್ಚು

ವಾಸ್ಕೋದ ಮಂಗೋರ್ ಹಿಲ್ ಏರುತ್ತಿದ್ದೀರಿ. ಕಿವಿಗೆ ಮೊದಲು ಬೀಳುವುದು ನಮ್ಮದೇ ಮಾತು. "ಯಣ್ಣಾ, ಸ್ವಲ್ಪ ಸರೀರಿ, ಗಾಡಿ ಬರಾಕತ್ತೈತಿ" ಎನ್ನುತ್ತಾ ಕೊಡ ಹೊತ್ತ ಹೆಣ್ಣುಮಗಳು ನಿಮ್ಮನ್ನು ದಾಟಿ ಹೋಗುತ್ತಾಳೆ. ಉತ್ತರ ಕರ್ನಾಟಕದಿಂದ ದುಡಿಯಲು ಬಂದ ಎಷ್ಟೋ ಮನೆತನಗಳು ಇಲ್ಲಿವೆ. ಕೆಳಗೆ ಪಟ್ಟಣ, ಅದರಾಚೆ ಮೊರ್ಮುಗಾವ್ ಬಂದರು. 1961ರವರೆಗೂ ಈ ದಡ ಪೋರ್ಚುಗೀಸರದು. 1560ರಲ್ಲಿ ಗೋವಾದಲ್ಲಿ ಕ್ಯಾಥೊಲಿಕ್ ಮತವಿಚಾರಣೆಯ ನ್ಯಾಯಸ್ಥಾನವಾದ ಇನ್‌ಕ್ವಿಸಿಷನ್ ಕೂತ ಮೇಲೆ ಪೋಪನ ವಿರುದ್ಧ ನಿಂತ ಜರ್ಮನ್ ಸುಧಾರಕ ಲೂಥರನ ಮತ ಹಿಡಿಯುವುದೇ ಇಲ್ಲಿ ಅಪರಾಧವಾಯಿತು. ಇದೇ ಕರಾವಳಿಯಲ್ಲಿ ತೆಂಕಣಕ್ಕೆ ಹೋದರೆ, ಮಂಗಳೂರಿನಲ್ಲಿ ಅದೇ ಮತ ಶಾಲೆ ಕಟ್ಟಿತು, ಪತ್ರಿಕೆ ಅಚ್ಚುಮಾಡಿತು. ಒಂದೇ ಕಡಲು, ಎರಡು ಹಣೆಬರಹ. ಯಾಕೆ ಹೀಗಾಯಿತೆಂದು ತಿಳಿಯಬೇಕಾದರೆ ಜರ್ಮನಿಯ ಒಂದು ರಣರಂಗಕ್ಕೆ ಹೋಗಬೇಕು.

1534ರ ಮೇ ತಿಂಗಳು. ನೆಕ್ಕರ್ ನದಿಯ ದಂಡೆಯ ಲೌಫೆನ್ ಊರು. ಸುತ್ತ ದ್ರಾಕ್ಷಿ ತೋಟ, ನಡುವೆ ಫಿರಂಗಿಯ ಹೊಗೆ. ವುರ್ಟೆಂಬರ್ಗ್ ಸೀಮೆಯಿಂದ 1519ರಲ್ಲಿ ಓಡಿಸಲ್ಪಟ್ಟ ಡ್ಯೂಕ್ ಉಲ್ರಿಚ್ ತನ್ನ ನೆಲ ಬಿಡಿಸಿಕೊಳ್ಳಲು ಬಂದಿದ್ದಾನೆ. ದಂಡು ಹೆಸ್ಸೆಯ ಫಿಲಿಪ್‌ನದು, ಹಣ ಫ್ರಾನ್ಸಿನ ದೊರೆಯದು. ಆ ದೊರೆ ಕಟ್ಟಾ ಕ್ಯಾಥೊಲಿಕ್! ಹ್ಯಾಬ್ಸ್‌ಬರ್ಗ್ ಮನೆತನ ಸೊರಗಿದರೆ ಸಾಕೆಂದು ಲೂಥರನ ಕಡೆಯವರಿಗೆ ಥೈಲಿ ಬಿಚ್ಚಿದ್ದಾನೆ. ಆ ಸೀಮೆ ಹಿಡಿದಿದ್ದ ಹ್ಯಾಬ್ಸ್‌ಬರ್ಗಿನ ಫರ್ಡಿನಾಂಡನಿಗೋ ಹಂಗೇರಿಯಲ್ಲಿ ತುರ್ಕಿ ಸುಲ್ತಾನ ಸುಲೇಮಾನನ ಭಯ. ಕಾಳಗ ಬೇಗ ಮುಗಿಯುತ್ತದೆ. ಉಲ್ರಿಚ್ ಗೆಲ್ಲುತ್ತಾನೆ, ಸೀಮೆಗೆ ಲೂಥರನ ಮತ ತರುತ್ತಾನೆ.

ಈಗ ಅಲ್ಲೇ ಸಮೀಪದ ಬ್ರಾಕೆನ್‌ಹೈಮ್‌ನ ಇಗರ್ಜಿಯಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ಹುಟ್ಟಿದಾಗಿನಿಂದ ಕೇಳಿದ ಲ್ಯಾಟಿನ್ ನಿಂತುಹೋಗಿದೆ. ಉಪದೇಶಕ ನಿಮ್ಮ ಮನೆಮಾತಿನಲ್ಲೇ ಪ್ರಾರ್ಥಿಸುತ್ತಾನೆ. ದ್ರಾಕ್ಷಾರಸದ ಬಟ್ಟಲು ಇಷ್ಟು ದಿನ ಪಾದ್ರಿಯೊಬ್ಬನ ಪಾಲಿನದು. ಈಗ ಅದು ನಿಮ್ಮ ತುಟಿಯವರೆಗೂ ಬಂದಿದೆ. ತಣ್ಣಗಿನ ಲೋಹ, ಹುಳಿ ರಸ. ಪಕ್ಕದಲ್ಲಿ ನಿಂತ ಮುದುಕಿಗೆ ಕೈ ನಡುಗುತ್ತದೆ. ಇಷ್ಟು ದೊಡ್ಡ ಬದಲಾವಣೆಗೆ ನಿಮ್ಮನ್ನಾಗಲಿ ಅವಳನ್ನಾಗಲಿ ಯಾರೂ ಒಂದು ಮಾತು ಕೇಳಿಲ್ಲ. ಕೆಲವರಿಗೆ ಇದು ಬಿಡುಗಡೆ, ಕೆಲವರಿಗೆ ದುಃಖ. ಆ ದುಃಖವನ್ನು ಇತಿಹಾಸ ಬರೆಯುವವರು ಬಹಳ ಬೇಗ ಮರೆಯುತ್ತಾರೆ ಎನ್ನುವುದು ನನ್ನ ನೋವು.

ಅಷ್ಟಕ್ಕೇ ಮುಗಿಯಲಿಲ್ಲ. 1547ರಲ್ಲಿ ಮ್ಯೂಲ್‌ಬರ್ಗ್‌ನಲ್ಲಿ ಕ್ಯಾಥೊಲಿಕ್ ಚಕ್ರವರ್ತಿ ಐದನೇ ಚಾರ್ಲ್ಸ್ ಲೂಥರನ ಕಡೆಯ ಅರಸರನ್ನು ಗೆದ್ದ. ಮರುವರ್ಷ ಹಳೆಯ ಪೂಜೆ ಮರಳಬೇಕೆಂದು ಅಪ್ಪಣೆಯಾಯಿತು. 1552ರಲ್ಲಿ ಅರಸರು ತಿರುಗಿಬಿದ್ದರು. 1555ರ ಔಗ್ಸ್‌ಬರ್ಗ್ ಒಪ್ಪಂದದಲ್ಲಿ ಅರಸನ ಮತವೇ ಆ ನಾಡಿನ ಮತವೆಂದಾಯಿತು. ವುರ್ಟೆಂಬರ್ಗ್ ಲೂಥರನ ಪಾಲಿಗೆ ಉಳಿಯಿತು.

ಲೌಫೆನ್ ಕಾಳಗವಾಗಿ ಮುನ್ನೂರು ವರ್ಷ. 1834ರ ಅಕ್ಟೋಬರ್ 30. ಮಂಗಳೂರಿನ ದಡಕ್ಕೆ ಹೆಬಿಚ್, ಲೆಹ್ನರ್, ಗ್ರೈನರ್ ಎಂಬ ಮೂವರು ಇಳಿಯುತ್ತಾರೆ. ಕಳಿಸಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್. ಅದರಲ್ಲಿ ಲೂಥರನ ಪಂಥದವರೂ ಸ್ವಿಸ್ ಸುಧಾರಣೆಯ ಪಂಥದವರೂ ಕೂಡಿಯೇ ಇದ್ದರು, ವುರ್ಟೆಂಬರ್ಗಿನವರಂತೂ ಬಹಳ ಮಂದಿ. ಇವರಿಗೆ ಬಾಗಿಲು ತೆರೆದದ್ದೂ ರಾಜಕೀಯವೇ. 1799ರಲ್ಲಿ ಟಿಪ್ಪು ಬಿದ್ದು ಕೆನರಾ ಇಂಗ್ಲಿಷರ ಕೈಸೇರಿತ್ತು. 1833ರ ಚಾರ್ಟರ್ ಕಾಯ್ದೆ ಇಂಗ್ಲಿಷರಲ್ಲದ ಮಿಷನರಿಗಳಿಗೂ ದಾರಿ ಬಿಟ್ಟಿತ್ತು.

1836ರಲ್ಲಿ ಬಂದವನು ಹೆರ್ಮನ್ ಮೋಗ್ಲಿಂಗ್. ಹುಟ್ಟೂರು ಅದೇ ಬ್ರಾಕೆನ್‌ಹೈಮ್. 1843ರ ಜುಲೈಯಲ್ಲಿ ಅವನ 'ಮಂಗಳೂರ ಸಮಾಚಾರ' ಹೊರಡುತ್ತದೆ. ನಯವಾಗಿ ಉಜ್ಜಿದ ಕಲ್ಲು, ಅದರ ಮೇಲೆ ತಿರುವುಮುರುವಾಗಿ ಮೂಡಿದ ಅಕ್ಷರ, ಮಸಿ, ಒತ್ತಿದ ಹಾಳೆ. ಹಾಳೆ ಎತ್ತಿದಾಗ ಕನ್ನಡ ನೆಟ್ಟಗೆ ನಿಂತಿರುತ್ತದೆ. ಕನ್ನಡದ ಮೊದಲ ಪತ್ರಿಕೆ. ದೊರೆಗಳ ಕತ್ತಿಯಿಂದ ಹಬ್ಬಿದ ಮತ ಇಲ್ಲಿ ಓದುಬರಹದ ಕೈ ಹಿಡಿದು ನಡೆಯಿತು. ನನಗೆ ಅದರ ಮೇಲಿರುವ ಗೌರವ ಈ ಕಾರಣಕ್ಕೆ.

ಕತ್ತಿ ಮಾತ್ರ ಬೆನ್ನು ಬಿಡಲಿಲ್ಲ. 1914ರಲ್ಲಿ ಜರ್ಮನಿಗೂ ಬ್ರಿಟನ್ನಿಗೂ ಯುದ್ಧ ಹತ್ತಿತು. ಮಿಷನ್ನಿನ ಜರ್ಮನ್ ಗುರುಗಳು ಶತ್ರು ದೇಶದವರಾದರು. ಹಲವರನ್ನು ಅಹಮದ್‌ನಗರದ ಶಿಬಿರದಲ್ಲಿಟ್ಟರು, ಬಳಿಕ ಊರಿಗಟ್ಟಿದರು. ಮಿಷನ್ನಿನ ಹಂಚಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ವಶವಾದವು. ಮಂಗಳೂರಿನ ಬಲ್ಮಠದ ಸಭೆಯಲ್ಲಿ, ಹುಬ್ಬಳ್ಳಿ, ಧಾರವಾಡ, ಬೆಟಗೇರಿಯ ಸಭೆಗಳಲ್ಲಿ ಉಪದೇಶಪೀಠದ ಭಾರ ಹೆಚ್ಚುಹೆಚ್ಚಾಗಿ ಕನ್ನಡದ ಸಭಾಪಾಲಕರ ಹೆಗಲಿಗೆ ಬಂತು. ಸ್ವಾತಂತ್ರ್ಯ ಬಂದ ಮರುತಿಂಗಳೇ, 1947ರ ಸೆಪ್ಟೆಂಬರ್ 27ರಂದು, ಹಲವು ಪ್ರೊಟೆಸ್ಟಂಟ್ ಸಭೆಗಳು ಕೂಡಿ ಚರ್ಚ್ ಆಫ್ ಸೌತ್ ಇಂಡಿಯಾ ಹುಟ್ಟಿತು. ದಕ್ಷಿಣ ಕನ್ನಡದ ಬಾಸೆಲ್ ಸಭೆಗಳು ಅದರಲ್ಲಿ ಸೇರಿಕೊಂಡವು. ಈ ಸಲ ಆಜ್ಞೆ ಹೊರಡಿಸಲು ಡ್ಯೂಕನೂ ಇರಲಿಲ್ಲ, ಚಕ್ರವರ್ತಿಯೂ ಇರಲಿಲ್ಲ.